ಹಳದಿ ಪರದೆ

"ಇಲ್ಲಿ ಒಲೆ ಎಲ್ಲಿದೆ?" ಎಂದು ಗೆರ್ಲಿಂಡ ಬಾಗಿಲಲ್ಲೇ ನಿಂತು ಕೇಳಿದಾಗ ಗ್ಯಾಲರಿಯ ಮಾಲೀಕ ಫೋಲ್ಕರ್ ತಬ್ಬಿಬ್ಬಾದ. ಆಕೆಯ ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಕಲ್ಲಿದ್ದಲಿನ ಇಟ್ಟಿಗೆಯೊಂದಿತ್ತು.

"ಒಲೆಯಾ? ಹೀಟರ್ ಇದೆಯಲ್ಲ ಮೇಡಂ!"

ಚಿತ್ರಗಾರ್ತಿ ರೋಸ್ವಿಥಾಳಿಗೆ ನಗು ಉಕ್ಕಿತು. ಬರ್ಲಿನ್ ಗೋಡೆ ಬೀಳುವ ಮುಂಚೆ, ಪೂರ್ವ ಬರ್ಲಿನ್ನಿನ ಸರ್ಕಾರಿ ಪ್ರದರ್ಶನಗಳಲ್ಲಿ ಅವಳ ಚಿತ್ರಗಳಿಗೆ ಜಾಗವಿರಲಿಲ್ಲ. ಮನೆಯಲ್ಲೇ ಕದ್ದುಮುಚ್ಚಿ ತೂಗುಹಾಕುತ್ತಿದ್ದಳು. ಚಳಿಗಾಲದಲ್ಲಿ ನೋಡಲು ಬರುವವರೆಲ್ಲ ಒಂದೊಂದು ಇಟ್ಟಿಗೆ ತರಬೇಕು, ಅದೇ ಟಿಕೆಟ್ಟು. ಒಲೆಯ ಸುತ್ತ ಜನ ಪಿಸುಗುಡುತ್ತಿದ್ದರು. ಖಾಲಿ ಕುರ್ಚಿ ಬರೆದರೆ ಪಶ್ಚಿಮಕ್ಕೆ ಓಡಿಹೋದವರು, ಮೀನು ಬರೆದರೆ ಬಾಯಿ ಬಿಡಲಾಗದವರು ಎಂದರ್ಥ. ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಈಗ ದೇಶ ಒಂದಾಗಿ ವರ್ಷ ಕಳೆದಿತ್ತು. ಬಾಗಿಲು ಮುಚ್ಚಿದ್ದ ಮಾಂಸದಂಗಡಿಗೆ ಸುಣ್ಣ ಬಳಿದು ಪಶ್ಚಿಮದ ಕಲೋನ್ ನಗರದ ಫೋಲ್ಕರ್ ಗ್ಯಾಲರಿ ಮಾಡಿದ್ದ. ಬೀದಿಯಲ್ಲಿ ಇಂಥವು ನಾಯಿಕೊಡೆಗಳಂತೆ ಎದ್ದಿದ್ದವು. ಏನು ಬೇಕಾದರೂ ಬರೆಯಿರಿ ಎಂದಿದ್ದ. ಏನು ಬೇಕಾದರೂ ಅಂದರೆ ಏನು ಎಂದು ತಲೆ ಕೆಡಿಸಿಕೊಂಡ ರೋಸ್ವಿಥಾ ಕೊನೆಗೆ ತನ್ನ ಅಡುಗೆಮನೆಯ ಹಳದಿ ಪರದೆಯನ್ನು ಬರೆದಳು. ಬಿಸಿಲು ಬಿದ್ದಾಗ ಅದು ಚೆಂದ ಕಾಣುತ್ತಿತ್ತು, ಅಷ್ಟೇ. ಅಷ್ಟೇ ಸಾಕೇ ಎಂಬುದು ಅವಳನ್ನು ಬೆಳಗಿನಿಂದ ಕೊರೆಯುತ್ತಿತ್ತು. ಪಶ್ಚಿಮದಿಂದ ಬಂದವರು ವೈನ್ ಹಿಡಿದು, "ಬಣ್ಣ ಚೆನ್ನಾಗಿದೆ" ಎನ್ನುತ್ತ ಮುಂದೆ ಸಾಗಿದ್ದರು. ಅವಳು ಕಾದಿದ್ದು ಗೆರ್ಲಿಂಡಳಿಗೆ. ಟ್ರಾಮ್ ಓಡಿಸುವ ಈ ಗೆಳತಿ ಅವಳ ಮನೆಯ ಒಂದು ಪ್ರದರ್ಶನವನ್ನೂ ತಪ್ಪಿಸಿದವಳಲ್ಲ.

ಗೆರ್ಲಿಂಡ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಬಗ್ಗಿ ನೋಡಿದಳು, ಪಕ್ಕಕ್ಕೆ ಸರಿದು ನೋಡಿದಳು. ಆಮೇಲೆ ದನಿ ತಗ್ಗಿಸಿ, "ಇದರ ಹಿಂದೆ ಯಾರಿದಾರೆ ಕಣೇ?" ಎಂದಳು.

"ಯಾರೂ ಇಲ್ವೇ. ಬರೀ ಪರದೆ."

"ನನ್ನ ಹತ್ರಾನೇ ಮುಚ್ಚಿಡ್ತೀಯಾ?"

"ನಿನ್ನಾಣೆ ಕಣೇ. ಈಗ ಮುಚ್ಚಿಡೋಕೆ ಏನಿದೆ? ಯಾರ ಭಯ?"

ಗೆರ್ಲಿಂಡ ಫೋಲ್ಕರ್‌ನತ್ತ ಒಮ್ಮೆ ತಿರುಗಿ ನೋಡಿ ರೋಸ್ವಿಥಾಳಿಗೆ ಕಣ್ಣು ಹೊಡೆದಳು. "ಸರಿ ಬಿಡು, ಇಲ್ಲಿ ಬೇಡ. ಮನೇಲಿ ಹೇಳೀಯಂತೆ. ಇದನ್ನ ಅಲ್ಲೇ ಉರಿಸೋಣ" ಎಂದು ಇಟ್ಟಿಗೆಯನ್ನು ಅವಳ ಕೈಗಿಟ್ಟು ವೈನಿನ ಕಡೆ ನಡೆದಳು.

ರೋಸ್ವಿಥಾಳಿಗೆ ಅಳು ಬರುವಂತಾಯಿತು. ಮನೆಗೆ ಹೋದರೂ ಹೇಳಲು ಏನೂ ಇರಲಿಲ್ಲ. ಪೇಪರು ಹರಿದು ಬೆರಳಿಗೆಲ್ಲ ಮಸಿ ಮೆತ್ತಿತ್ತು. ಇಟ್ಟಿಗೆಯನ್ನು ಎದೆಗೊತ್ತಿಕೊಂಡೇ ಅವಳು ಚಿತ್ರಕ್ಕೆ ಇನ್ನಷ್ಟು ಹತ್ತಿರ ಹೋದಳು. ಕತ್ತು ವಾರೆ ಮಾಡಿ, ತಾನೇ ಬರೆದ ನೆರಿಗೆಗಳ ಸಂದಿಯಲ್ಲಿ ಇಣುಕತೊಡಗಿದಳು.