ಎಡಕ್ಕೆ ತಿರುಗದ ಹುಡುಗಿ

ನೇಕಾರರ ನಿಶಿಜಿನ್ ಕೇರಿಯಲ್ಲಿ ಹುಟ್ಟಿದವರಿಗೆ ಬಟ್ಟೆಯ ಮುಖ ಯಾವುದು, ಬೆನ್ನು ಯಾವುದು ಅನ್ನುವ ಭೇದ ಅಷ್ಟಾಗಿ ಇರುವುದಿಲ್ಲ. ಅಲ್ಲಿ ಕಿಮೊನೊಗೆ ಕಟ್ಟುವ ಒಳ್ಳೆಯ ಸೊಂಟಪಟ್ಟಿ ನೇಯುವಾಗ ಮುಖ ಕೆಳಗಿರುತ್ತದೆ. ನೇಯುವವರು ದಿನವೆಲ್ಲ ಬೆನ್ನನ್ನೇ ನೋಡುತ್ತ ಕೂತಿದ್ದು, ಸಂಶಯ ಬಂದಾಗ ಮಾತ್ರ ಮಗ್ಗದಡಿ ಕನ್ನಡಿ ಹಿಡಿಯುತ್ತಾರೆ. ಹತಾನೊ ತೊಮಿಯೆ ಆ ಮಗ್ಗಗಳ ಸದ್ದಿನಲ್ಲೇ ಬೆಳೆದವಳು. ಅವಳ ಅಪ್ಪ ನೇಯುವವರಿಗೆ ನಕ್ಷೆ ಬರೆದುಕೊಡುತ್ತಿದ್ದ. ಚೌಕಳಿ ಹಾಳೆಯ ಒಂದೊಂದೇ ಮನೆಗೆ ಬಣ್ಣ ತುಂಬಿ ಕೊಕ್ಕರೆ ಎಬ್ಬಿಸುತ್ತಿದ್ದ, ಅಲೆ ಎಬ್ಬಿಸುತ್ತಿದ್ದ. ಮಗಳೂ ಪಕ್ಕದಲ್ಲಿ ಕೂತು ಕಲಿತಳು.

ಮಗ್ಗಗಳು ಒಂದೊಂದಾಗಿ ನಿಂತವು. ಅಪ್ಪನೂ ತೀರಿಕೊಂಡ. ತೊಮಿಯೆ ಊರಿನ ದಕ್ಷಿಣಕ್ಕಿದ್ದ, ವಿಡಿಯೊ ಆಟ ಮಾಡುವ ಒಂದು ಕಂಪನಿ ಸೇರಿದಳು. ಸೇರಿಸಿಕೊಂಡದ್ದು ಚಹಾ ಕೊಡುವುದಕ್ಕೆ. ಅಲ್ಲಿ ಮಿಜೊಗಾಮಿ ಎಂಬ, ಯಂತ್ರಕ್ಕೆ ಲೆಕ್ಕ ಬರೆಯುವ ಮನುಷ್ಯ ಚೌಕಳಿ ಹಾಳೆಯ ಮೇಲೆ ನಾಯಿಯೊಂದನ್ನು ಬರೆಯಲು ಒದ್ದಾಡುತ್ತಿದ್ದ. ಅವಳು ಚಹಾ ಇಟ್ಟು, ಹಿಂದಿನ ಕಾಲಿನ ಎರಡು ಮನೆ ಅಳಿಸಿ, ಒಂದು ತುಂಬಿದಳು. ನಾಯಿ ಓಡಿತು. ಅಂದಿನಿಂದ ಚಹಾ ಬೇರೆಯವರ ಪಾಲಾಯಿತು.

ವರ್ಷಗಟ್ಟಲೆ ಪರರ ಆಟಗಳಿಗೆ ಚಿತ್ರ ಬರೆದ ಮೇಲೆ ಅವಳದೇ ಒಂದು ಆಟಕ್ಕೆ ಒಪ್ಪಿಗೆ ಸಿಕ್ಕಿತು. ಒಫುಜಿ ಎಂಬ ಹುಡುಗಿ ಬೆನ್ನ ಮೇಲೆ ರೇಷ್ಮೆ ಹೊರೆ ಹೊತ್ತು ಕಣಿವೆ ದಾಟಿ ರಾಜಧಾನಿಗೆ ಹೋಗಬೇಕು. ದಾರಿಯಲ್ಲಿ ನರಿ, ಕಾಡುಹಂದಿ, ಉರುಳುವ ಬಂಡೆ. ಯಂತ್ರದಲ್ಲಿ ಚಿತ್ರ ಇಡಲು ಜಾಗ ಬಹಳ ಕಡಿಮೆ. ಹಾಗಾಗಿ ಬಲಕ್ಕೆ ನಡೆಯುವ ಚಿತ್ರ ಒಂದನ್ನೇ ಬರೆದು, ಎಡಕ್ಕೆ ಬೇಕಾದಾಗ ಅದನ್ನೇ ಕನ್ನಡಿಯಲ್ಲಿ ಕಾಣುವಂತೆ ಮಗುಚಿ ತೋರಿಸುವುದು ಎಲ್ಲರ ರೂಢಿ. ಅವಳೂ ಹಾಗೇ ಮಾಡಿದಳು. ಆದರೆ ಬೇರೆಯವರು ಬಿಟ್ಟುಬಿಡುವುದನ್ನು ಅವಳು ಬಿಟ್ಟಿರಲಿಲ್ಲ. ಎದೆಯ ಮೇಲೆ ನಾಲ್ಕು ಬಿಳಿ ಚುಕ್ಕಿ ಓರೆಯಾಗಿಟ್ಟು, ಕಿಮೊನೊದ ಒಂದು ಸೆರಗು ಇನ್ನೊಂದರ ಮೇಲೆ ಬರುವ ಅಂಚು ಎಬ್ಬಿಸಿದ್ದಳು. ಆ ನಾಲ್ಕು ಚುಕ್ಕಿಯಿಂದಲೇ ಹುಡುಗಿಗೆ ಮೈ ಬಂದಿತ್ತು.

ಆಟ ತಯಾರಾದ ಮೇಲೆ ಸೆನ್‌ಬೊನ್ ಬೀದಿಯ ಒಂದು ಕಾಫಿ ಅಂಗಡಿಯಲ್ಲಿ ಪರೀಕ್ಷೆಗೆ ಇಟ್ಟರು. ಮೇಜಿನ ಗಾಜಿನಡಿಯೇ ಆಟ. ಅದರ ಮೇಲೇ ಕಾಫಿ. ಜನ ಕೂತು ಆಡುತ್ತಾರೋ, ಎದ್ದು ಹೋಗುತ್ತಾರೋ ನೋಡಿ ವಿಭಾಗದ ಮುಖ್ಯಸ್ಥ ಸೆಕಿಗುಚಿ ಸೋಮವಾರ ತೀರ್ಮಾನ ಹೇಳುವುದು. ಸರಿಬರದಿದ್ದರೆ ಒಫುಜಿ ಅಲ್ಲಿಗೇ ಮುಗಿದಳು, ತೊಮಿಯೆ ಬೇಸ್‌ಬಾಲ್ ಆಟಕ್ಕೆ ಟೊಪ್ಪಿ ಬರೆಯಬೇಕು. ಇನ್ನೊಂದು ಆಟ ಹೆಂಗಸಿನ ಕೈಗೆ ಕೊಡುತ್ತಾರೆಂಬ ನಂಬಿಕೆ ಅವಳಿಗಿರಲಿಲ್ಲ.

ಶುಕ್ರವಾರ ಅವಳ ತಾಯಿ ಹಾತ್ಸು, ಮೂಲಂಗಿಯ ಎಲೆ ಹೊರಗೆ ಚಾಚಿಕೊಂಡ ತರಕಾರಿ ಚೀಲ ಹಿಡಿದುಕೊಂಡೇ, ಮಗಳ ಕೆಲಸ ನೋಡಲು ಬಂದಳು. ಅದೇ ಮೇಜಿಗೆ ಕೂತಿದ್ದ ಪಕ್ಕದ ಕುರ್ಚಿಯ ಹುಡುಗರು ಆಡುತ್ತಿದ್ದರು. ಒಫುಜಿ ಹಂದಿಗೆ ಹೆದರಿ ಎಡಕ್ಕೆ ತಿರುಗಿದಳು. ಹಾತ್ಸು ತನ್ನ ಕಾಫಿ ಬಟ್ಟಲನ್ನು ಗಾಜಿನ ಮೇಲಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ತೊಮಿಯೆ, ಹೆಣಕ್ಕೆ ಉಡಿಸೋ ಹಾಗೆ ಉಡಿಸಿದ್ದೀಯಲ್ಲೇ."

ತೊಮಿಯೆ ನೋಡಿದಳು. ಬದುಕಿದವರಿಗೆ ಎಡದ ಸೆರಗು ಮೇಲೆ ಬರಬೇಕು. ಬಲದ್ದು ಮೇಲೆ ಬರುವುದು ಹೆಣಕ್ಕೆ ಮಾತ್ರ. ಚಿತ್ರ ಮಗುಚಿದಾಗ ಸೆರಗೂ ಮಗುಚಿತ್ತು. ಮಿಜೊಗಾಮಿ ಲೆಕ್ಕ ನೋಡುವವನು, ಅವನಿಗೆ ಬಟ್ಟೆ ಕಾಣದು. ಅವಳಿಗೆ ಕಾಣಬೇಕಿತ್ತು. ಆದರೆ ಚಿಕ್ಕಂದಿನಿಂದ ಬಟ್ಟೆಯ ಬೆನ್ನನ್ನೇ ನೋಡಿ ಬೆಳೆದ ಕಣ್ಣಿಗೆ ತಿರುಗುಮುರುಗಾದದ್ದು ತಪ್ಪು ಅನ್ನಿಸಿರಲೇ ಇಲ್ಲ.

ಅಂಗಡಿಯವನ ಕಿವಿಗೂ ಮಾತು ಬಿತ್ತು. ಒಮ್ಮೆ ಕಂಡ ಮೇಲೆ ಅವನಿಗೆ ಬೇರೇನೂ ಕಾಣಲಿಲ್ಲ. ಸತ್ತವಳನ್ನು ಮೇಜಿನೊಳಗೆ ಮಲಗಿಸಿಕೊಂಡು ಕಾಫಿ ಮಾರುವುದು ತನ್ನಿಂದಾಗದು, ಯಂತ್ರ ತೆಗೆದುಕೊಂಡು ಹೋಗಿ ಎಂದು ಕಂಪನಿಗೆ ಫೋನು ಮಾಡಿದ.

ಸೆಕಿಗುಚಿ ಬೈಯಲಿಲ್ಲ. ಆ ನಾಲ್ಕು ಚುಕ್ಕಿ ತೆಗೆದರೆ ಆಯಿತಲ್ಲ ಅಂದರು. ತೆಗೆದು ನೋಡಿದರು. ಹುಡುಗಿ ಹೋಗಿ, ಕಾಲು ಬಂದ ಉಪ್ಪಿನಕಾಯಿ ಜಾಡಿಯೊಂದು ಕಣಿವೆ ಹತ್ತುತ್ತಿತ್ತು. ಎಡಕ್ಕೊಂದು ಬೇರೆ ಚಿತ್ರ ಬರೆಯೋಣವೆಂದರೆ ಜಾಗವಿಲ್ಲ. ಜಾಗ ಬೇಕಾದರೆ ಆಟದಿಂದ ನರಿಯನ್ನು ಕೊಲ್ಲಬೇಕೆಂದು ಮಿಜೊಗಾಮಿ ಹೇಳಿದ. ನರಿಯಿಲ್ಲದ ಕಣಿವೆಯನ್ನು ಯಾರು ಆಡುತ್ತಾರೆ?

ತೊಮಿಯೆ ಶನಿವಾರವೆಲ್ಲ ಹಾಳೆಯ ಮುಂದೆ ಕೂತಳು, ಏನೂ ಬರೆಯಲಿಲ್ಲ. ಸಂಜೆ ಮಿಜೊಗಾಮಿಯ ಮೇಜಿಗೆ ಹೋಗಿ, ಒಫುಜಿ ತಿರುಗುವುದು ಬೇಡ ಅಂದಳು.

"ತಿರುಗದೆ ಎಡಕ್ಕೆ ಹೇಗೆ ಹೋಗ್ತಾಳೆ, ಹತಾನೊ-ಸಾನ್?"

"ಹಿಂದೆ ಹಿಂದೆ ಹೆಜ್ಜೆ ಇಡ್ತಾಳೆ."

ಮಿಜೊಗಾಮಿ ನಕ್ಕ. ಆಡುವವರು ಯಂತ್ರ ಕೆಟ್ಟಿದೆ ಅಂತಾರೆ ಅಂದ. ಆದರೂ ಬರೆದುಕೊಟ್ಟ. ಬರೆದ ಮೇಲೆ ಯಾರೂ ಎಣಿಸದಿದ್ದದ್ದು ಕಂಡಿತು. ಹಿಂದೆ ಸರಿದರೆ ಮೊದಲು ಸಿಗುವುದು ಹೊರೆ. ಹಿಂದಿನಿಂದ ಬಂದ ನರಿ ಹೊರೆಗೆ ಬಾಯಿ ಹಾಕಿ ರೇಷ್ಮೆ ಎಳೆಯುತ್ತಿತ್ತು. ಹುಡುಗಿಗೆ ಪೆಟ್ಟಿಲ್ಲ, ಸರಕಿಗೆ ನಷ್ಟ.

ಭಾನುವಾರ ಸೆಕಿಗುಚಿ ತಾವೇ ಅಂಗಡಿಯವನಿಗೆ ಕೈಮುಗಿದು ಯಂತ್ರ ಮತ್ತೆ ಇಡಿಸಿ, ಪತ್ರಿಕೆ ಹಿಡಿದು ಮೂಲೆಯಲ್ಲಿ ಕೂತರು. ಅದೇ ಹುಡುಗರು ಬಂದರು. ಇದೇನೋ ಏಡಿ ನಡೆದ ಹಾಗೆ ನಡೀತಾಳೆ ಎಂದು ಒಬ್ಬ ಗೇಲಿ ಮಾಡಿದ. ಗೇಲಿ ಮಾಡುತ್ತಲೇ ಹೊರೆ ಕಳೆದುಕೊಂಡ, ಮತ್ತೆ ನಾಣ್ಯ ಹಾಕಿದ. ದೀಪ ಹಚ್ಚುವ ಹೊತ್ತಾದರೂ ಅವರು ಏಳಲಿಲ್ಲ. ಸೆಕಿಗುಚಿ ಪತ್ರಿಕೆ ಮಡಿಸಿ ಎದ್ದರು. ತೊಮಿಯೆಯ ಬಳಿ ನಿಂತು, ಸೋಮವಾರದ ತನಕ ಕಾಯುವುದು ಬೇಡ, ಆಟವನ್ನು ಯಂತ್ರದ ಚಿಪ್‌ಗೆ ಅಚ್ಚು ಹಾಕಲು ಕಳಿಸಿ ಎಂದಷ್ಟೇ ಹೇಳಿ ಹೋದರು.

ಹುಡುಗರು ಹೋದ ಮೇಲೆ, ಮಗಳ ಜೊತೆ ಬಂದಿದ್ದ ಹಾತ್ಸು ಮೇಜಿನ ಮುಂದೆ ಕೂತಳು. ಆಟದ ಹಿಡಿಯನ್ನು ಎಡಕ್ಕೆ ಒತ್ತಿ, ಎಡಕ್ಕೇ ಒತ್ತಿಹಿಡಿದಳು. ಒಫುಜಿ ಮುಖ ತಿರುಗಿಸದೆ ಹಿಂದೆ ಹಿಂದೆ ಸರಿದು, ಅಂಚಿಗೆ ಹೋಗಿ ನಿಂತಳು. ಹಾತ್ಸು ಕನ್ನಡಕ ಮೇಲೆ ಸರಿಸಿ, ಬಗ್ಗಿ, ಎದೆಯನ್ನು ನೋಡಿದಳು. ಆಮೇಲೆ ಕಾಫಿ ಬಟ್ಟಲನ್ನು ಗಾಜಿನ ಮೇಲಿಟ್ಟಳು.

"ಈಗ ಜೀವ ಇದೆ. ಪಾಪ, ಕಾಲು ಎಡವೀತು."

ಆಟ ಬಹಳ ಕಡೆ ಹೋಯಿತು. ಆಮೇಲೆ ತೊಮಿಯೆ ಇನ್ನೂ ಕೆಲವು ಆಟ ಮಾಡಿದಳು. ಕೆಲವು ನಡೆದವು, ಕೆಲವು ನಡೆಯಲಿಲ್ಲ. ಹಾತ್ಸು ತೀರಿಕೊಂಡಾಗ ಅವಳೇ ಸೆರಗು ಉಡಿಸಿದಳು, ಬಲದ್ದು ಮೇಲೆ.

ತೊಮಿಯೆ ಕೆಲಸದಿಂದ ನಿವೃತ್ತಳಾಗುವ ವರ್ಷ ಕಂಪನಿ ಒಫುಜಿಯನ್ನು ಹೊಸ ಯಂತ್ರಕ್ಕೆ ಮಾಡಿಸಿತು. ಈಗ ಜಾಗಕ್ಕೆ ಬರವಿಲ್ಲ. ಕೆಲಸ ವಹಿಸಿಕೊಂಡವನು ಎರಡೂ ಕಡೆಗೆ ಬೇರೆ ಬೇರೆ ಚಿತ್ರ ಬರೆಸಿ, ಹುಡುಗಿ ತಿರುಗುವುದನ್ನು ತೋರಿಸಿದ. ಸೆರಗು ಸರಿಯಾಗಿತ್ತು, ಎಳೆ ಎಳೆ ಕಾಣುತ್ತಿತ್ತು. ತೊಮಿಯೆ ಇನ್ನೊಮ್ಮೆ ತಿರುಗಿಸಲು ಹೇಳಿ ನೋಡಿದಳು.

"ಚೆನ್ನಾಗಿದೆ. ತಿರುಗೋದನ್ನ ತೆಗೆದುಬಿಡಿ," ಅಂದಳು.