ಅತ್ತೆಯ ಮೇಜಿನ ಟೆಸ್ಟರ್

ಪರೀಕ್ಷೆಯ ಹಿಂದಿನ ದಿನ ಮೀಟರಮ್ಮನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಎಲೆಕ್ಟ್ರಿಷಿಯನ್ನರ ಅರ್ಹತಾ ಪರೀಕ್ಷೆ ನಡೆಸುವ ಕೇಂದ್ರದಲ್ಲಿ ಉಪಕರಣಗಳ ಕೋಣೆ ಅವಳ ಸುಪರ್ದಿನಲ್ಲಿತ್ತು. ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಆ ಹೆಸರು ಹಿಡಿದು ಯಾರಾದರೂ ಕೇಂದ್ರಕ್ಕೆ ಬಂದರೆ ಅಂಥವರು ಇಲ್ಲಿಲ್ಲ ಎಂದು ಕಳಿಸಿಬಿಡುತ್ತಿದ್ದರು. ಟೆಸ್ಟರು, ಮೀಟರು, ಅವುಗಳ ವೈರು, ಬೀಗ, ಎಚ್ಚರಿಕೆಯ ಹಳದಿ ಚೀಟಿ, ಇಷ್ಟನ್ನೂ ಒಂದೊಂದಾಗಿ ನೋಡಿ ಅಭ್ಯರ್ಥಿಗಳ ಮೇಜಿನ ಮೇಲೆ ಜೋಡಿಸುವುದು ಅವಳ ಕೆಲಸ. ಬರುವವರು ಬರಿಗೈಯಲ್ಲಿ ಬರುತ್ತಾರೆ. ಅವರ ಕೈಗೆ ಕೊಟ್ಟದ್ದೇ ಕೆಟ್ಟಿದ್ದರೆ ಕಲಿತದ್ದೆಲ್ಲ ಮಣ್ಣುಪಾಲು.

ಈ ಸಲ ಬರುವವರಲ್ಲಿ ಅವಳ ಅತ್ತೆಯೂ ಇದ್ದರು.

ಅತ್ತೆ ಹೊಸಬರಲ್ಲ. ಮಾವನಿಗೆ ವೈರಿಂಗ್ ಅಂಗಡಿಯಿತ್ತು. ಮಾವ ಹೋದಲ್ಲೆಲ್ಲ ಅತ್ತೆ ಏಣಿ ಹಿಡಿಯಲು ಹೋಗುತ್ತಿದ್ದರು. ಬರುಬರುತ್ತ ಏಣಿ ಹಿಡಿಯುವವರು ಮಾವ ಆದರು, ಹತ್ತುವವರು ಅತ್ತೆ ಆದರು. ಹೋದ ವರ್ಷ ಮಾವನ ಕಣ್ಣು ಮಂಜಾಯಿತು. ಕೆಂಪು ವೈರು ಯಾವುದು ಕಪ್ಪು ಯಾವುದು ಎಂದು ಹೆಂಡತಿಯನ್ನು ಕೇಳಬೇಕಾಗಿ ಬಂದ ದಿನವೇ ಅವರು ಅಂಗಡಿಯ ಶಟರ್ ಎಳೆದರು. ಅದು ಮತ್ತೆ ಮೇಲೇಳಬೇಕಾದರೆ ಮನೆಯಲ್ಲಿ ಯಾರಿಗಾದರೂ ಲೈಸೆನ್ಸ್ ಇರಬೇಕು. ಮಗನನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಮೀಟರಮ್ಮನ ಗಂಡ ಬಲ್ಬು ಬದಲಾಯಿಸಲೂ ನಾಲ್ಕು ಜನರ ಸಲಹೆ ಕೇಳುವ ಪೈಕಿ. ಹಾಗಾಗಿ ಓರಗೆಯವರೆಲ್ಲ ಮೊಮ್ಮಕ್ಕಳ ಹಿಂದೆ ಓಡುವ ವಯಸ್ಸಿನಲ್ಲಿ ಅತ್ತೆ ಸಂಜೆ ಕ್ಲಾಸಿಗೆ ಸೇರಿದರು.

ಒಂದು ಸಲ ಕೂತು ನಪಾಸಾಗಿದ್ದರು. ವಿದ್ಯೆ ಕಡಿಮೆಯಾಗಿ ಅಲ್ಲ, ಅವಸರ ಹೆಚ್ಚಾಗಿ. ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ವೈರು ಮುಟ್ಟುವ ಮುಂಚೆ ಟೆಸ್ಟರನ್ನು ಸದಾ ಕರೆಂಟ್ ಇರುವ ಚೆಕಿಂಗ್ ಡಬ್ಬಿಗೆ ಹಚ್ಚಿ ಟೆಸ್ಟರಿನ ದೀಪ ಹತ್ತುತ್ತದೆಯೇ ನೋಡಬೇಕು. ಆಮೇಲೆ ವೈರಿನಲ್ಲಿ ಕರೆಂಟ್ ಇಲ್ಲವೆಂದು ನೋಡಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಮತ್ತೆ ಡಬ್ಬಿಗೆ ಹಚ್ಚಿ, ಈ ಎರಡು ನಿಮಿಷದಲ್ಲಿ ಟೆಸ್ಟರೇ ಕೈಕೊಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಗಾಬರಿಯಾದವರು ನುಂಗಿಹಾಕುವುದು ಈ ಕೊನೆಯದನ್ನೇ. ಅತ್ತೆಯೂ ನುಂಗಿದ್ದರು. ಈ ಸಲವೂ ಹೋದರೆ ಇನ್ನೊಂದು ವರ್ಷ ಕಾಯಬೇಕು, ಆದರೆ ಅಂಗಡಿಯ ಜಾಗ ಬಾಡಿಗೆಗೆ ಕೊಟ್ಟ ಮಾಲೀಕ ಕಾಯುವ ಆಸಾಮಿಯಲ್ಲ. ಚಪ್ಪಲಿ ಮಾರುವವನೊಬ್ಬ ಆಗಲೇ ಬಂದು ಒಳಗೆ ಅಳತೆ ತೆಗೆದುಕೊಂಡು ಹೋಗಿದ್ದ.

ಇದೆಲ್ಲ ತಲೆಯಲ್ಲಿ ಕೂತಿದ್ದರಿಂದಲೇ ಮೀಟರಮ್ಮ ಅತ್ತೆಯ ಮೇಜಿಗೆ ಇದ್ದುದರಲ್ಲಿ ಹೊಸ ಟೆಸ್ಟರನ್ನು ಇಟ್ಟಳು. ಇಟ್ಟು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಆಫೀಸಿನ ಗುಮಾಸ್ತ ನಿಂತಿದ್ದ. ಒಂದು ಕೋಣೆಯಲ್ಲಿ ಕೇಳಿದ್ದನ್ನು ಎಲ್ಲ ಕೋಣೆಗೂ ಬಿತ್ತರಿಸುವುದರಿಂದ ಅವನಿಗೆ ರೇಡಿಯೋ ಎಂದೇ ಹೆಸರು.

"ಅತ್ತೆಗೆ ಹೊಸದಾ? ನಡೀಲಿ ನಡೀಲಿ," ಎಂದ.

ಅಷ್ಟೇ ಅಂದದ್ದು. ಮೀಟರಮ್ಮನ ಕಿವಿ ಕೆಂಪಾಯಿತು. ಸಂಜೆಯೊಳಗೆ ಇದು ಗೇಟಿನವರೆಗೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೊಸ ಟೆಸ್ಟರನ್ನು ಎತ್ತಿ ಪಕ್ಕದ ಮೇಜಿಗೆ ಹಾಕಿದಳು, ಅಲ್ಲಿದ್ದದ್ದನ್ನು ಅದರಾಚೆಗೆ, ಕೊನೆಗೆ ಕಪಾಟಿನಲ್ಲಿದ್ದ ಹಳೆಯದೊಂದನ್ನು ತಂದು ಅತ್ತೆಯ ಮೇಜಿನ ಮೇಲಿಟ್ಟಳು. ಬೆಳಿಗ್ಗೆ ನೋಡಿದಾಗ ಅದರ ದೀಪ ಹತ್ತಿತ್ತು. ಮತ್ತೊಮ್ಮೆ ನೋಡಬೇಕಿತ್ತು. ಆದರೆ ರೇಡಿಯೋ ಇನ್ನೂ ನಿಂತೇ ಇದ್ದ, ಅತ್ತೆಯ ಟೆಸ್ಟರಿಗೆ ಎರಡೆರಡು ಸಲ ಉಪಚಾರ ಅನ್ನುತ್ತಾನೆ ಎಂದು ಅವಳು ಕೈಬಿಟ್ಟಳು. ಇದನ್ನು ಅವಳು ನಿಷ್ಪಕ್ಷಪಾತ ಎಂದುಕೊಂಡಳು. ನಿಜ ಹೇಳಬೇಕೆಂದರೆ ಅದು ಬರೀ ಹೆದರಿಕೆ.

ಆಮೇಲೆ ಪರೀಕ್ಷಾ ಬೋರ್ಡುಗಳ ಮೇಲಿನ ಹೆಸರು ಚೀಟಿ ಅದಲುಬದಲು ಮಾಡಿದಳು. ಅದು ಪರೀಕ್ಷಕರೇ ಹೇಳಿದ ಬಲೆ. 'ಪ್ಲಗ್' ಎಂದು ಬರೆದ ಸ್ವಿಚ್ಚನ್ನು ಆರಿಸಿದರೆ ಆರುವುದು ದೀಪ, ಪ್ಲಗ್ಗಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಚೀಟಿಯನ್ನು ನಂಬುವವರು ಯಾರು, ಪರೀಕ್ಷಿಸಿ ನೋಡುವವರು ಯಾರು ಎಂದು ತಿಳಿಯಲಿ ಎಂದು.

ರಾತ್ರಿ ಊಟಕ್ಕೆ ಕೂತಾಗ ಮಾವನಿಗೆ ತಡೆಯಲಾಗಲಿಲ್ಲ. "ನಾಳೆ ಏನು ಕೊಡ್ತಾರಂತಮ್ಮ?" ಎಂದು ಸೊಸೆಯನ್ನು ಕೇಳಿದರು.

"ಸುಮ್ನಿರ್ತೀರಾ?" ಎಂದರು ಅತ್ತೆ. "ಅವಳ ಅನ್ನಕ್ಕೆ ಕಲ್ಲು ಹಾಕ್ಬೇಡಿ. ನಾನೂ ಕೇಳಲ್ಲ, ಅವಳೂ ಹೇಳಲ್ಲ."

ಮೀಟರಮ್ಮ ತಟ್ಟೆ ನೋಡಿಕೊಂಡು ಉಂಡಳು. ಅತ್ತೆಯ ಮೇಲೆ ಆ ಹೊತ್ತು ಅವಳಿಗೆ ಎಷ್ಟು ಪ್ರೀತಿ ಬಂತೆಂದರೆ, ಕೇಳದೆಯೇ ಅವರಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮಾರನೆಯ ದಿನ ಪರೀಕ್ಷೆ ಶುರುವಾಯಿತು. ಉಪಕರಣದ ಕೋಣೆಗೂ ಪರೀಕ್ಷೆಯ ಹಾಲಿಗೂ ನಡುವೆ ಒಂದು ಗಾಜಿನ ಕಿಟಕಿ. ಅವಳು ಅದರ ಈಚೆ ನಿಂತು ನೋಡಬಹುದು, ಅಭ್ಯರ್ಥಿಗಳಿಗೆ ಮಾತಿರಲಿ ಕೈಸನ್ನೆಯನ್ನೂ ಮಾಡುವಂತಿಲ್ಲ, ಮಾಡಿದರೆ ಅವರ ಪರೀಕ್ಷೆ ರದ್ದು. ಗೋಡೆಯ ಮೇಲೆ ಅವಳ ಕೈಗೆಟುಕುವಂತೆ ಒಂದು ಕೆಂಪು ಗುಂಡಿ ಇತ್ತು. ಒತ್ತಿದರೆ ಹಾಲಿನ ಕರೆಂಟ್ ಅಷ್ಟೂ ಹೋಗುತ್ತದೆ. ಯಾರಿಗೋಸ್ಕರ ಒತ್ತಬೇಕಾಯಿತೋ ಅವರು ನಪಾಸು.

ಅತ್ತೆ 'ಪ್ಲಗ್' ಎಂಬ ಸ್ವಿಚ್ಚು ಆರಿಸಿದರು, ಬೀಗ ಹಾಕಿದರು, ಹಳದಿ ಚೀಟಿ ನೇತುಹಾಕಿದರು. ಟೆಸ್ಟರನ್ನು ಡಬ್ಬಿಗೆ ಹಚ್ಚಿದಾಗ ದೀಪ ಹತ್ತಿತು. ಮೀಟರಮ್ಮ ಉಸಿರು ಬಿಟ್ಟಳು.

ಅಷ್ಟರಲ್ಲಿ ಅಕ್ಕಪಕ್ಕದ ಮೇಜುಗಳಲ್ಲಿ ಟೆಸ್ಟರುಗಳು ಒಂದೊಂದಾಗಿ ಕೆಂಪಗಾಗತೊಡಗಿದವು. ಪ್ಲಗ್ಗಿನಲ್ಲಿ ಕರೆಂಟ್ ಇದೆ, ಚೀಟಿ ಸುಳ್ಳು ಎಂದು ಒಬ್ಬೊಬ್ಬರಿಗೂ ಗೊತ್ತಾಗುತ್ತಿತ್ತು. ಅತ್ತೆಯೂ ಟೆಸ್ಟರಿನ ವೈರಿನ ತುದಿಯ ಕಡ್ಡಿಯನ್ನು ಪ್ಲಗ್ಗಿಗೆ ಚುಚ್ಚಿದರು. ದೀಪ ಹತ್ತಲಿಲ್ಲ. ಮತ್ತೆ ಚುಚ್ಚಿದರು, ಇಲ್ಲ.

ಮೀಟರಮ್ಮ ಗಾಜಿನ ಹತ್ತಿರ ಸರಿದಳು. ಹತ್ತಲೇಬೇಕು, ಬೋರ್ಡು ಸಿದ್ಧ ಮಾಡಿದವಳು ತಾನೇ. ಹತ್ತುತ್ತಿಲ್ಲವೆಂದರೆ ಟೆಸ್ಟರಿನ ವೈರು ಒಳಗೊಳಗೇ ತುಂಡಾಗಿದೆ, ಬಗ್ಗಿಸಿದಾಗ ಬಿಟ್ಟುಕೊಂಡಿದೆ. ನಿನ್ನೆ ಒಂದು ಗಳಿಗೆ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು. ಈಗ ಅತ್ತೆಯ ಮುಂದೆ ಕರೆಂಟ್ ತುಂಬಿದ ಪ್ಲಗ್ಗಿದೆ, ಇಲ್ಲವೆಂದು ಹೇಳುವ ಟೆಸ್ಟರಿದೆ, ಅದನ್ನು ಕೊಟ್ಟವಳು ಸೊಸೆ.

ಅವಳ ಅಂಗೈ ತಾನಾಗಿ ಗುಂಡಿಯ ಮೇಲೆ ಹೋಯಿತು. ಅತ್ತೆ ಟೆಸ್ಟರನ್ನು ಪಕ್ಕಕ್ಕಿಟ್ಟು ಪ್ಲಗ್ಗನ್ನು ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಂಡರು. ಒತ್ತು, ಎಂದುಕೊಂಡಳು ಮೀಟರಮ್ಮ. ಒತ್ತಿದರೆ ಪರೀಕ್ಷೆ ಹೋಯಿತು, ಅಂಗಡಿ ಚಪ್ಪಲಿಯವನ ಪಾಲಾಯಿತು. ಸ್ಕ್ರೂಗೆ ತಾಗಿದರೆ ಒತ್ತುತ್ತೇನೆ ಎಂದು ತನ್ನೊಳಗೇ ಚೌಕಾಸಿ ಮಾಡಿದಳು. ತುದಿ ಹೋಗಿ ಸ್ಕ್ರೂಗೆ ತಾಗಿತು. ತಿರುಗಿಸಿದರೆ ಒತ್ತುತ್ತೇನೆ ಎಂದಳು.

ಅತ್ತೆಯ ಕೈ ನಿಂತಿತು. ಏನನ್ನೋ ಮರೆತವರ ಹಾಗೆ ಮೇಜು ನೋಡಿದರು. ಸ್ಕ್ರೂಡ್ರೈವರ್ ಕೆಳಗಿಟ್ಟು ಟೆಸ್ಟರನ್ನು ಎತ್ತಿಕೊಂಡು ಚೆಕಿಂಗ್ ಡಬ್ಬಿಗೆ ಹಚ್ಚಿದರು. ವೈರಿನಲ್ಲಿ ಉಳಿದಿದ್ದ ಒಂದೆರಡು ಎಳೆಯೂ ಅಷ್ಟರಲ್ಲಿ ಕಿತ್ತುಹೋಗಿತ್ತೇನೋ, ದೀಪ ಹತ್ತಲಿಲ್ಲ. ಅಲ್ಲಾಡಿಸಿ ನೋಡಿದರು. ಆಮೇಲೆ ಕೈ ಎತ್ತಿದರು.

"ಸರ್, ಈ ಟೆಸ್ಟರ್ ಕೆಟ್ಟಿದೆ. ಇದು ಕರೆಂಟ್ ಇಲ್ಲ ಅಂದಿದ್ದನ್ನ ನಾನು ಒಪ್ಪಲ್ಲ. ಬೇರೆ ಕೊಡಿ."

ಪರೀಕ್ಷಕರು ಟೆಸ್ಟರ್ ಹಿಡಿದು ಉಪಕರಣದ ಕೋಣೆಗೆ ಬಂದರು. ಹಿಂದೆಯೇ ರೇಡಿಯೋ. "ಹೆಂಗಿದ್ರೂ ಸೊಸೆ ಅಲ್ವಾ ಸರ್," ಎಂದು ನಕ್ಕ. ಹೊಸದು ಕೊಟ್ಟರೆ ಒಂದು ಮಾತು, ಹಳೆಯದು ಕೊಟ್ಟರೆ ಇನ್ನೊಂದು. ಅವನ ನಾಲಿಗೆಗೆ ಹೆದರಿ ತಾನು ಎಂಥ ಕೆಲಸ ಮಾಡಿದೆ ಎಂದು ಮೀಟರಮ್ಮನಿಗೆ ಮೈಯೆಲ್ಲ ಉರಿಯಿತು. ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಕೊನೇ ಗಳಿಗೇಲಿ ಬದಲಾಯಿಸಿದೆ ಸರ್. ಬದಲಾಯಿಸಿದ ಮೇಲೆ ಚೆಕ್ ಮಾಡ್ಲಿಲ್ಲ. ತಪ್ಪು ನಂದು."

"ಅದನ್ನ ಆಮೇಲೆ ವಿಚಾರಿಸ್ಕೋತೀನಿ," ಎಂದರು ಪರೀಕ್ಷಕರು. "ಈಗ ಸರಿಯಾಗಿರೋದು ಕೊಡು."

ಅವಳು ಇನ್ನೊಂದನ್ನು ತೆಗೆದು, ವೈರನ್ನು ಆಚೆ ಬಗ್ಗಿಸಿ ಈಚೆ ಬಗ್ಗಿಸಿ ಅವರ ಕಣ್ಣೆದುರೇ ಪರೀಕ್ಷಿಸಿ ಕೊಟ್ಟಳು. ಪರೀಕ್ಷಕರು ಅತ್ತೆಗೆ ಮೊದಲಿಂದ ಶುರು ಮಾಡಲು ಹೇಳಿದರು. ಈ ಸಲ ಪ್ಲಗ್ಗಿಗೆ ಚುಚ್ಚಿದ್ದೇ ತಡ ಟೆಸ್ಟರ್ ಕೆಂಪಗಾಯಿತು. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು ಆ ಕೆಂಪು ದೀಪವನ್ನು ನೋಡುತ್ತ ನಿಂತುಬಿಟ್ಟರು. ಆಮೇಲೆ ಬೀಗ ತೆಗೆದು, ಸರಿಯಾದ ಸ್ವಿಚ್ಚು ಹುಡುಕಿ, ಎಲ್ಲವನ್ನೂ ಕ್ರಮವಾಗಿ ಮುಗಿಸಿದರು. ಸಂಜೆ ಹೊರಗೆ ಅಂಟಿಸಿದ ಫಲಿತಾಂಶದಲ್ಲಿ ಪಾಸಾಗಿದ್ದರು. ಮೀಟರಮ್ಮ ಪರೀಕ್ಷಕರ ಕೋಣೆಯಲ್ಲಿ ಹೊಟ್ಟೆ ತುಂಬ ಬೈಸಿಕೊಂಡು ಬಂದಳು.

ಅತ್ತೆ ಸೊಸೆ ಇಬ್ಬರೂ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತರು. ಅತ್ತೆ ಆಗಲೇ ಮಾವನಿಗೆ ಫೋನ್ ಮಾಡಿ, ಅಂಗಡಿಯ ಮಾಲೀಕನಿಗೆ ಈಗಲೇ ತಿಳಿಸಿ ಎಂದು ಗದರಿಸಿಯೂ ಆಗಿತ್ತು. ಕೆಟ್ಟ ಟೆಸ್ಟರಿನ ಸುದ್ದಿಯನ್ನು ರೇಡಿಯೋ ಅತ್ತೆಯ ಕಿವಿಗೂ ಊದಿರಬೇಕು.

"ಬೇಕಂತ ಮಾಡಿದ್ಯಾ ಅಂತ ನಾನು ಕೇಳಲ್ಲ," ಎಂದರು. "ನಿನ್ನನ್ನ ನಾನು ಅಷ್ಟೂ ಅರಿಯದವಳಲ್ಲ."

ಮೀಟರಮ್ಮನಿಗೆ ಇನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. "ಟೆಸ್ಟರ್ ಕೆಟ್ಟಿದೆ ಅಂತ ನಿಮಗಿಂತ ಮೊದಲೇ ನಂಗೆ ಗೊತ್ತಾಯ್ತು ಅತ್ತೆ. ಗುಂಡಿ ಮೇಲೆ ಕೈ ಇಟ್ಕೊಂಡಿದ್ದೆ. ಒತ್ತಿದ್ರೆ ನಿಮ್ಮ ಪರೀಕ್ಷೆ ಹೋಗ್ತಿತ್ತು. ಒತ್ಲಿಲ್ಲ."

ಅತ್ತೆ ಅವಳ ಕಡೆ ತಿರುಗಿದರು. ಮುಖದಲ್ಲಿದ್ದ ಗೆಲುವು ಇಳಿಯಿತು.

"ಒತ್ಬೇಕಿತ್ತು," ಎಂದರು.

"ಅಂಗಡಿ ಹೋಗ್ತಿತ್ತಲ್ಲ ಅತ್ತೆ."

"ಹೋಗ್ತಿತ್ತು. ನನ್ನ ಜೀವಕ್ಕಿಂತ ನನ್ನ ಅಂಗಡಿ ದೊಡ್ಡದು ಅಂತ ನಿನಗೆ ಯಾರು ಹೇಳಿದ್ರು? ನಾನು ಹೇಳಿದ್ನಾ?"

ಮೀಟರಮ್ಮ ತಲೆ ಅಲ್ಲಾಡಿಸಿದಳು. "ಒತ್ತಿದ್ರೆ ನಿಮಗೆ ಕೆಟ್ಟ ಸಿಟ್ಟು ಬರ್ತಿತ್ತು," ಎಂದಳು.

"ಬರ್ತಿತ್ತು ಕಣೇ. ಒಂದು ವಾರ ನಿನ್ನ ಹತ್ರ ಮಾತು ಬಿಡ್ತಿದ್ದೆ."

"ಆಮೇಲೆ?"

ಬಸ್ಸು ತಿರುವಿನಲ್ಲಿ ಕಾಣಿಸಿತು. ಅತ್ತೆ ಎದ್ದು ಸೊಸೆಯ ಮೊಣಕೈ ಹಿಡಿದುಕೊಂಡರು.

"ಆಮೇಲೆ ಊಟಕ್ಕೆ ಕರೀತಿದ್ದೆ," ಎಂದು ಹೇಳಿ ಬಸ್ಸು ಹತ್ತಿಸಿದರು.