ಹಿಟ್ಟಿನಲ್ಲಿ ಬಿದ್ದ ಜಾಡು

ನಮ್ಮ ಬ್ರೆಡ್ಡಿನ ವ್ಯಾನಿನ ಅಡಿಯಲ್ಲಿ ಮೊದಲ ಸಲ ಕಂದು ತೊಟ್ಟು ಕಂಡಾಗ ಅಪ್ಪ ಅದನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗಿಟ್ಟ. ಬೇಕರಿಯವನಿಗೆ ಕಂದಾಗಿ ಅಂಟಾಗಿ ಕಂಡದ್ದೆಲ್ಲ ಸಕ್ಕರೆ ಪಾಕವೇ. ಬನ್ನಿಗೆ ಸವರುವ ಪಾಕದ ಡಬ್ಬ ವ್ಯಾನಿನಲ್ಲಿ ಉರುಳಿರಬೇಕೆಂದು ಅವನ ಲೆಕ್ಕ. ಆಮೇಲೆ ಅವನು ಬಾಯಿ ಮುಕ್ಕಳಿಸಿದ್ದು ಬೀದಿಗೆಲ್ಲ ಕೇಳಿಸಿತು. ಸೋರುತ್ತಿರುವುದು ಎಂಜಿನ್ ಆಯಿಲ್ ಎಂದು ನಮ್ಮ ಮನೆಗೆ ಗೊತ್ತಾದದ್ದು ಹೀಗೆ, ರುಚಿಯಿಂದ.

ವ್ಯಾನ್ ಓಡಿಸುವವನು ಅಣ್ಣ. ಅಂಗಡಿಯ ಕೌಂಟರಿನಲ್ಲಿ ಅಮ್ಮ. ಅಪ್ಪನೂ ನಾನೂ ಒಳಗೆ, ಒಲೆಯ ಹತ್ತಿರ. ನನಗೆ ಒಳಗೇ ಇಷ್ಟ. ಹಿಟ್ಟು ಪ್ರಶ್ನೆ ಕೇಳುವುದಿಲ್ಲ. ಶಾಲೆಯಲ್ಲಿ ಎದ್ದು ನಿಂತು ಓದಲು ಹೇಳಿದರೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ, ಬೇಗನೆ ಶಾಲೆ ಬಿಟ್ಟೆ. ಮನೆಯಲ್ಲಿ ನನ್ನನ್ನು ಗುಬ್ಬಿ ಎನ್ನುತ್ತಾರೆ. ಗುಬ್ಬಿಯಾದರೂ ಚಿಲಿಪಿಲಿ ಅನ್ನುತ್ತದೆ ಎಂದು ಅಣ್ಣ ಕೆಣಕುತ್ತಾನೆ.

ಗ್ಯಾರೇಜಿನ ಮೇಸ್ತ್ರಿ ಬಂದು ವ್ಯಾನಿನ ಕೆಳಗೆ ಮಲಗಿ ನೋಡಿದರು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಒಳಗೆ ಆಯಿಲ್ ತಡೆಯುವ ಸೀಲು ಹೋಗಿದೆ, ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ, ಒಂದು ವಾರವಾದರೂ ಹಿಡಿಯುತ್ತದೆ ಅಂದರು. ಸಂಜೆ ಬಂದು ವ್ಯಾನ್ ತೆಗೆದುಕೊಂಡು ಹೋಗುವುದಾಗಿ ಹೇಳಿ ಹೊರಟರು.

ಅಪ್ಪ ನಿಂತಲ್ಲೇ ಆ ವಾರದ ಕೆಲಸ ಹಂಚಿದ. ಅಣ್ಣನಿಗೊಂದು ಸೈಕಲ್, ಅಮ್ಮನಿಗೊಂದು ಸೈಕಲ್, ಇಬ್ಬರೂ ಬ್ರೆಡ್ ತಲುಪಿಸಬೇಕು.

"ಕೌಂಟರಿಗೆ ಗುಬ್ಬಿ ನಿಲ್ಲಲಿ," ಅಂದ.

ನಮ್ಮ ಗಿರಾಕಿಗಳನ್ನು ನಾನು ಬಾಗಿಲ ಸಂದಿಯಿಂದ ಬಲ್ಲೆ. ಬನ್ನನ್ನು ಹಿಸುಕಿ, ಇದು ನಿನ್ನೆಯದಲ್ಲವೇ ಎಂದು ಕೇಳುವ ಟೀಚರ್ ಇದ್ದಾರೆ. ಅರ್ಧ ತಿಂದ ಬ್ರೆಡ್ ತಂದು, ಬದಲಾಯಿಸಿ ಕೊಡಿ ಎನ್ನುವ ಮುದುಕರಿದ್ದಾರೆ. ಅಮ್ಮ ಎಲ್ಲರಿಗೂ ಒಂದಕ್ಕೆರಡು ಉತ್ತರ ಕೊಡುತ್ತಾಳೆ. ನನಗೆ ಒಂದಕ್ಕೆ ಅರ್ಧವೂ ಹುಟ್ಟುವುದಿಲ್ಲ.

ಮಧ್ಯಾಹ್ನ ಒಲೆ ಆರಿಸಿದ ಮೇಲೆ ನಾನು ಹೋಗಿ, ವ್ಯಾನಿನ ಕೆಳಗೆ ಹಾಸಿದ್ದ ರಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ನಮ್ಮದು ಇಳಿಜಾರು ಬೀದಿ. ಇವತ್ತು ವ್ಯಾನಿನ ಮೂತಿ ಏರಿನ ಕಡೆಗಿತ್ತು, ಕಲೆ ಹಿಂದಕ್ಕೆ ಬಿದ್ದಿತ್ತು. ನಿನ್ನೆ ಮೂತಿ ಇಳಿಜಾರಿನ ಕಡೆಗಿದ್ದಾಗ ಕಲೆ ಮುಂದೆ ಇತ್ತು, ಅದನ್ನು ಬೂದಿ ಹಾಕಿ ಉಜ್ಜಿದವಳು ನಾನೇ. ತೂತು ಹಾಗೆ ಹಿಂದೆ ಮುಂದೆ ಓಡಾಡುವುದಿಲ್ಲ. ಆಯಿಲ್ ಎಲ್ಲಿಂದಲೋ ಹೊರಟು, ಹರಿದು ಬಂದು, ತನಗೆ ಅನುಕೂಲವಾದಲ್ಲಿ ಬೀಳುತ್ತಿದೆ ಅನ್ನಿಸಿತು.

ಕಲಸಿದ ಹಿಟ್ಟು ಎಲ್ಲಿ ಇನ್ನೂ ಹಸಿಯಾಗಿದೆ ಎಂದು ತಿಳಿಯಲು ನಾವು ಮೇಲೆ ಒಣಹಿಟ್ಟು ಉದುರಿಸುತ್ತೇವೆ. ಹಸಿ ಇದ್ದಲ್ಲಿ ಬಿಳುಪು ನಿಲ್ಲುವುದಿಲ್ಲ. ಅದಕ್ಕೆಂದೇ ತೆಳುಬಟ್ಟೆಯಲ್ಲಿ ಕಟ್ಟಿದ ಹಿಟ್ಟಿನ ಗಂಟೊಂದು ಮೇಜಿನ ಮೇಲೆ ಸದಾ ಇರುತ್ತದೆ. ಅದನ್ನು ತಂದು ಅಣ್ಣನಿಗೆ ತೋರಿಸಿದೆ. ಅವನು ನಕ್ಕ. ಆದರೆ ವಾರವಿಡೀ ಸೈಕಲ್ ತುಳಿಯುವ ಆಸೆ ಅವನಿಗೂ ಇರಲಿಲ್ಲ. ಸೀಮೆಎಣ್ಣೆಯ ಬಟ್ಟೆಯಿಂದ ಎಂಜಿನ್ನಿನ ಜಿಡ್ಡನ್ನೆಲ್ಲ ಒರೆಸಿ ಒಣಗಿಸಿದ. ನಾನು ತಿರುಗುವ ಬೆಲ್ಟಿನ ಕಡೆ ಬಿಟ್ಟು ಉಳಿದ ಕಡೆಯೆಲ್ಲ ಗಂಟು ತಟ್ಟಿದೆ.

"ಪೌಡರ್ ಹಚ್ಚಿ ಇದನ್ನ ಮದುವೆಗೆ ಕಳಿಸ್ತೀಯೇನೇ?" ಅಂದ ಅಣ್ಣ.

ಎಂಜಿನ್ ಶುರು ಮಾಡಿ ಕಾದೆವು. ಅದು ಬಿಸಿಯಾಗುತ್ತಿದ್ದಂತೆ ಹಿಟ್ಟು ಹುರಿದ ವಾಸನೆ ಎದ್ದಿತು. ಮಲಗಿದ್ದ ಅಪ್ಪ, ಯಾವ ತಟ್ಟೆ ಸೀದುಹೋಯಿತು ಎನ್ನುತ್ತಾ ಬರಿಗಾಲಲ್ಲೇ ಓಡಿ ಬಂದ. ಒಲೆ ತಣ್ಣಗಿತ್ತು. ಬಾನೆಟ್ಟಿನೊಳಗೆ ಇಣುಕಿ ಅವನು ಗದರಲು ಬಾಯಿ ತೆರೆದವನು ಹಾಗೇ ಬಗ್ಗಿದ. ಕೆಳಗೆಲ್ಲ ಬಿಳುಪು ಹಾಗೇ ಇತ್ತು. ಎಂಜಿನ್ನಿನ ನೆತ್ತಿಯ ಮುಚ್ಚಳದ ಹಿಂದಿನ ಮೂಲೆಯಿಂದ ದಾರದಂಥ ಕಂದು ಗೆರೆಯೊಂದು ಹೊರಟಿತ್ತು. ನಾವು ನೋಡುತ್ತಿದ್ದಂತೆಯೇ ಅದು ಹಿಟ್ಟನ್ನು ನುಂಗುತ್ತಾ, ಎಂಜಿನ್ನಿನ ಬೆನ್ನ ಮೇಲೆ ಇಳಿದು ಗೇರ್‌ಬಾಕ್ಸ್ ಕೂಡುವ ಕಡೆಗೆ ಹೋಯಿತು.

ಸಂಜೆ ಮೇಸ್ತ್ರಿ ಬಂದರು. ಅಣ್ಣ ನನ್ನ ಬೆನ್ನು ಮುಟ್ಟಿ ಮುಂದೆ ತಳ್ಳಿ, ತಾನು ಬೇಕೆಂದೇ ಎಲ್ಲೋ ನೋಡುತ್ತಾ ನಿಂತ. ಮೇಸ್ತ್ರಿ ಬೀಗದ ಕೈಗೆ ಕೈ ಚಾಚಿದರು. ಕೊಟ್ಟರೆ ನಾಳೆ ಬೆಳಗ್ಗೆ ಟೀಚರ್, ಹಿಸುಕಿದ ಬನ್ನು.

"ಕೆಳಗಿಂದಲ್ಲ ಮೇಸ್ತ್ರಿಗಳೇ," ಅಂದೆ. "ಮೇಲಿಂದ ಇಳೀತಿದೆ. ಮುಚ್ಚಳದ ಹಿಂದೆ."

ಅವರು ಟಾರ್ಚ್ ಬಿಟ್ಟು ನೋಡಿದರು. ಬೆರಳಲ್ಲಿ ಗೆರೆಯನ್ನು ಕೆಳಗಿಂದ ಮೇಲಕ್ಕೆ ಹಿಂಬಾಲಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

"ಎತ್ತಿಗೆ ಜ್ವರ ಬಂದ್ರೆ ನಾನು ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ದೆನಲ್ಲ ತಾಯಿ."

ಗ್ಯಾರೇಜಿನಿಂದ ಮುಚ್ಚಳದ ಅಡಿಗೆ ಕೂರಿಸುವ ಹೊಸ ಗ್ಯಾಸ್ಕೆಟ್ ಪಟ್ಟಿ ತಂದು ಅಲ್ಲೇ ಬೀದಿಯಲ್ಲೇ ಮುಚ್ಚಳ ಬಿಚ್ಚಿದರು. ಹಳೆಯದನ್ನು ಎತ್ತುವಾಗ ಅದು ಬಿಸ್ಕತ್ತಿನಂತೆ ಮುರಿದು ಪುಡಿಯಾಯಿತು. ಅಪ್ಪ ಒಂದು ಚೂರನ್ನು ಬೆರಳಲ್ಲಿ ಉಜ್ಜಿ, ಅತಿಯಾಗಿ ಬೆಂದಿದೆ ಎಂದು ತೀರ್ಪು ಕೊಟ್ಟ. ಈ ಸಲ ರುಚಿ ನೋಡಲಿಲ್ಲ.

ಬೆಳಗ್ಗೆ ವ್ಯಾನಿನ ಕೆಳಗಿನ ಹೊಸ ರಟ್ಟು ಹಾಕಿದ ಹಾಗೇ ಇತ್ತು. ಅಣ್ಣ ಬ್ರೆಡ್ ತುಂಬಿಕೊಂಡು ಹಾರ್ನ್ ಹೊಡೆದು ಹೋದ. ಹೊರಗೆ ಅಮ್ಮ ಟೀಚರಿಗೆ, ಹಿಸುಕಿದ ಮೇಲೆ ಬನ್ನು ನಿಮ್ಮದೇ ಎನ್ನುತ್ತಿದ್ದಳು. ನಾನು ಒಳಗೆ ಬೆಚ್ಚಗೆ ಹಿಟ್ಟು ನಾದುತ್ತಿದ್ದೆ.

ಅಮ್ಮ ಬಾಗಿಲಲ್ಲಿ ತಲೆ ಹಾಕಿದಳು. ಮೇಸ್ತ್ರಿಯ ಹತ್ತಿರ ಅಷ್ಟು ಚೆನ್ನಾಗಿ ಮಾತಾಡಿದೆಯಂತೆ, ಇನ್ನು ದಿನಕ್ಕೊಂದು ಗಳಿಗೆ ಕೌಂಟರಿಗೆ ಬರಬಾರದೇ ಎಂದು ಕೇಳಿದಳು.

"ಇಲ್ಲ," ಅಂದೆ.

ಅದು ಕೌಂಟರಿನಾಚೆ ನಿಂತಿದ್ದ ಟೀಚರಿಗೂ ಕೇಳಿಸಿತಂತೆ.